ಎಐ ಏಜೆಂಟ್‌ಗಳಿಗೆ ತಂತ್ರಾಂಶ ಸಾಧನಗಳ ವಿವರಣೆ: ಪಾಂಡವಪುರ ಉಪವಿಭಾಗದ ಉದಾಹರಣೆಗಳೊಂದಿಗೆ

ಮಂಡ್ಯ ಜಿಲ್ಲೆಯ ಕಂದಾಯ ಆಡಳಿತ ಎರಡು ಉಪವಿಭಾಗಗಳಲ್ಲಿ ನಡೆಯುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಮಂಡ್ಯ ಉಪವಿಭಾಗಕ್ಕೆ ಸೇರಿವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಪಾಂಡವಪುರ ಉಪವಿಭಾಗಕ್ಕೆ ಸೇರಿವೆ. ತಹಸೀಲ್ದಾರರು ಮಾಡಿದ ಖಾತೆ ಬದಲಾವಣೆಯನ್ನು ಒಪ್ಪದ ನಾಗಮಂಗಲದ ರೈತ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 136ನೇ ಕಲಮಿನಂತೆ ಮೇಲ್ಮನವಿ ಸಲ್ಲಿಸಬೇಕಾದದ್ದು ಪಾಂಡವಪುರದ ಉಪವಿಭಾಗಾಧಿಕಾರಿಗಳಿಗೆ. ತಾಲ್ಲೂಕು ಕಚೇರಿಯ ಎದುರು ಕುಳಿತು ಅರ್ಜಿ ಬರೆದುಕೊಡುವವರಿಗೆಲ್ಲ ಇದು ಬಾಯಿಪಾಠ. ಆದರೆ ಯಾರೂ ಹೇಳಿಕೊಡದ ಗಣಕಯಂತ್ರಕ್ಕೆ ಇದು ಹೊಳೆಯುವ ಸಂಗತಿಯಲ್ಲ. ಜಿಲ್ಲಾ ಕೇಂದ್ರ ಮಂಡ್ಯವಾದ್ದರಿಂದ ಮೇಲ್ಮನವಿಯೂ ಅಲ್ಲಿಗೇ ಎಂದು ಅದು ಊಹಿಸಿಬಿಡಬಹುದು. ಮೇಲ್ಮನವಿಗೆ ಕಾಲಮಿತಿ ಇರುವುದರಿಂದ ತಪ್ಪು ಕಚೇರಿಗೆ ಅಲೆದ ದಿನಗಳ ನಷ್ಟವನ್ನು ಹೊರಬೇಕಾದವನು ರೈತನೇ.

ಕಚೇರಿಯ ಗುಮಾಸ್ತನ ತಲೆಯಲ್ಲಿರುವ, ಎಲ್ಲಿಯೂ ಬರೆದಿಡದ ಇಂಥ ತಿಳಿವಳಿಕೆಯನ್ನು ಕೃತಕ ಬುದ್ಧಿಮತ್ತೆಯ ಏಜೆಂಟ್‌ಗಳಿಗೆ ಬರಹದಲ್ಲಿ ಒದಗಿಸುವ ಕೆಲಸಕ್ಕೆ ತಂತ್ರಜ್ಞರ ನಡುವೆ ‘ಟೂಲ್ ಡಿಸ್ಕ್ರಿಪ್ಷನ್’ ಎಂದು ಹೆಸರು. ಕನ್ನಡದಲ್ಲಿ ‘ಸಾಧನ ವಿವರಣೆ’ ಎನ್ನಬಹುದು. ನಾಲ್ಕಾರು ವಾಕ್ಯಗಳ ಈ ಬರಹದ ಮೇಲೆ ಏಜೆಂಟ್‌ನ ಸರಿ ತಪ್ಪುಗಳು ಬಹುಪಾಲು ನಿಂತಿರುತ್ತವೆ. ಇದನ್ನು ಬರೆಯುವ ಬಗೆಯನ್ನು ಮೇಲಿನ ನಾಲ್ಕು ತಾಲ್ಲೂಕುಗಳ ಭೂದಾಖಲೆ ಮತ್ತು ನೀರಾವರಿಯ ಉದಾಹರಣೆಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ. ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿ ಊರಿನಲ್ಲಿ ಪಿತ್ರಾರ್ಜಿತ ಜಮೀನು ಉಳಿಸಿಕೊಂಡಿರುವ ಓದುಗರಿಗೆ ಈ ದಾಖಲೆಗಳು ಹೊಸವೇನಲ್ಲ. ಇಲ್ಲಿ ಕೊಟ್ಟಿರುವ ಮಾದರಿ ವಿವರಣೆಗಳು ಈ ಲೇಖನಕ್ಕಾಗಿಯೇ ಬರೆದವು; ಯಾವ ಇಲಾಖೆಯ ಪ್ರಕಟಣೆಯೂ ಅಲ್ಲ ಎಂಬುದನ್ನು ಗಮನಿಸಬೇಕು.

ಏಜೆಂಟ್ ಎಂದರೆ ಯಾರು?

ತಾಲ್ಲೂಕು ಕಚೇರಿಯ ಆವರಣದಲ್ಲಿ ‘ಏಜೆಂಟ್’ ಎಂದರೆ ಬೇರೆಯೇ ಅರ್ಥ ಬರುತ್ತದೆ. ಇಲ್ಲಿ ಹೇಳುತ್ತಿರುವುದು ಆ ಮಧ್ಯವರ್ತಿಯ ವಿಚಾರವಲ್ಲ. ಭಾಷಾ ಮಾದರಿಯೊಂದು ಕೇವಲ ಉತ್ತರ ಬರೆದು ಸುಮ್ಮನಾಗದೆ, ಬೇರೆ ತಂತ್ರಾಂಶಗಳನ್ನು ತಾನೇ ಕರೆದು, ಬಂದ ಫಲಿತಾಂಶವನ್ನು ಓದಿ, ಮುಂದಿನ ಹೆಜ್ಜೆಯನ್ನು ನಿರ್ಧರಿಸುವ ವ್ಯವಸ್ಥೆಗೆ ಎಐ ಏಜೆಂಟ್ ಎನ್ನುತ್ತಾರೆ. ಅದು ಹೀಗೆ ಕರೆಯಬಲ್ಲ ಪ್ರತಿಯೊಂದು ತಂತ್ರಾಂಶವೂ ಒಂದು ‘ಸಾಧನ’.

2023ರ ಜೂನ್‌ನಲ್ಲಿ ಓಪನ್‌ಎಐ ಸಂಸ್ಥೆ ತನ್ನ ಮಾದರಿಗಳಿಗೆ ‘ಫಂಕ್ಷನ್ ಕಾಲಿಂಗ್’ ಸೌಲಭ್ಯವನ್ನು ಒದಗಿಸಿದ ಬಳಿಕ ಈ ಪದ್ಧತಿ ವ್ಯಾಪಕವಾಯಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಸಂಸ್ಥೆ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ಮುಕ್ತ ಮಾನದಂಡವನ್ನು ಪ್ರಕಟಿಸಿತು. ಸಂಕ್ಷೇಪದಲ್ಲಿ ಇದು ಎಂಸಿಪಿ. ಒಬ್ಬರು ಸಿದ್ಧಪಡಿಸಿದ ಸಾಧನವನ್ನು ಮತ್ತೊಬ್ಬರ ಏಜೆಂಟ್ ಬಳಸಿಕೊಳ್ಳಲು ಇದರಿಂದ ದಾರಿಯಾಯಿತು. 2025ರ ಡಿಸೆಂಬರ್‌ನಲ್ಲಿ ಈ ಮಾನದಂಡವನ್ನು ಲಿನಕ್ಸ್ ಫೌಂಡೇಷನ್ನಿನ ಆಶ್ರಯದ ಸಂಸ್ಥೆಯೊಂದಕ್ಕೆ ಒಪ್ಪಿಸಲಾಯಿತು.

ಈ ಪದ್ಧತಿಗಳಲ್ಲೆಲ್ಲ ಏಜೆಂಟ್‌ನ ಕಣ್ಣಿಗೆ ಬೀಳುವುದು ಮೂರೇ ಸಂಗತಿಗಳು: ಸಾಧನದ ಹೆಸರು, ಅದರ ವಿವರಣೆ, ಭರ್ತಿ ಮಾಡಬೇಕಾದ ಅಂಕಣಗಳ ಪಟ್ಟಿ. ಒಳಗಿನ ಸಾವಿರಾರು ಸಾಲುಗಳ ತಂತ್ರಾಂಶ ಎಷ್ಟೇ ಅಚ್ಚುಕಟ್ಟಾಗಿರಲಿ, ಏಜೆಂಟ್ ಅದನ್ನು ನೋಡುವುದೇ ಇಲ್ಲ. ಅಂಗಡಿಯೊಳಗೆ ಕಾಲಿಡದೆ ಬೋರ್ಡು ಓದಿಯೇ ವ್ಯಾಪಾರ ಮಾಡಬೇಕಾದ ಗಿರಾಕಿಯ ಪರಿಸ್ಥಿತಿ ಅದರದು.

‘ಕಾವೇರಿ’ ಯಾವುದು?

ಸರ್ಕಾರಿ ತಂತ್ರಾಂಶಗಳಿಗೆ ಸೊಗಸಾದ ಹೆಸರಿಡುವುದು ನಮ್ಮ ರಾಜ್ಯದ ಸಂಪ್ರದಾಯ. ಪಹಣಿಗೆ ‘ಭೂಮಿ’, ಮೋಜಣಿಗೆ ‘ಮೋಜಿಣಿ’, ಜಮೀನು ಇರುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಲು ‘ದಿಶಾಂಕ್’, ರೈತರ ನೋಂದಣಿಗೆ ‘ಫ್ರೂಟ್ಸ್’, ನೋಂದಣಿ ಮತ್ತು ಮುದ್ರಾಂಕ ಇಲಾಖೆಗೆ ‘ಕಾವೇರಿ’. ಜನರಿಗೆ ಇವು ನೆನಪಿನಲ್ಲಿ ಉಳಿಯುತ್ತವೆ ಎಂಬುದು ನಿಜ. ಆದರೆ ಹೆಸರಿನಿಂದ ಕೆಲಸ ತಿಳಿಯುವುದಿಲ್ಲ.

ಶ್ರೀರಂಗಪಟ್ಟಣವನ್ನೇ ತೆಗೆದುಕೊಳ್ಳಿ. ಊರನ್ನು ಎರಡೂ ಕಡೆಯಿಂದ ಬಳಸಿ ಹರಿಯುವ ನದಿ ಕಾವೇರಿ. ಉಪನೋಂದಣಾಧಿಕಾರಿಗಳ ಕಚೇರಿಯ ಗಣಕದಲ್ಲಿರುವುದೂ ಕಾವೇರಿ. ‘ಕಾವೇರಿಯಲ್ಲಿ ಏನಾಗಿದೆ ನೋಡಿ’ ಎಂದು ಒಬ್ಬರು ಕೇಳಿದರೆ ಅವರು ಪ್ರವಾಹವನ್ನು ಕೇಳುತ್ತಿದ್ದಾರೋ ಕ್ರಯಪತ್ರವನ್ನು ಕೇಳುತ್ತಿದ್ದಾರೋ ಎಂಬುದು ಸಂದರ್ಭದಿಂದ ತಿಳಿಯಬೇಕು. ಏಜೆಂಟ್‌ನ ಕೈಯಲ್ಲಿ ‘ಕಾವೇರಿ’ ಎಂಬ ಹೆಸರೂ, ‘ಕಾವೇರಿ ಮಾಹಿತಿಯನ್ನು ಪಡೆಯುತ್ತದೆ’ ಎಂಬ ಒಂದು ಸಾಲಿನ ವಿವರಣೆಯೂ ಇದ್ದರೆ ಅದು ನದಿಯ ಮಟ್ಟವನ್ನು ನೋಂದಣಿ ಇಲಾಖೆಯಲ್ಲಿ ಹುಡುಕಿದರೆ ಆಶ್ಚರ್ಯಪಡಬೇಕಾಗಿಲ್ಲ. (ಬೆಂಗಳೂರಿಗೆ ಬಂದರೆ ಕರಕುಶಲ ವಸ್ತುಗಳ ಮಳಿಗೆಯೂ ಕಾವೇರಿಯೇ.) ಆದ್ದರಿಂದ ಸಾಧನದ ಹೆಸರು ‘ನೋಂದಾಯಿತ ದಸ್ತಾವೇಜು ಹುಡುಕು’, ‘ಜಲಾಶಯದ ಮಟ್ಟ ತಿಳಿ’ ಎಂಬಂತೆ ಕೆಲಸವನ್ನೇ ಹೇಳುವಂತಿರಬೇಕು. ಇಲಾಖೆಯ ಮುದ್ದಿನ ಹೆಸರು ವಿವರಣೆಯ ಒಳಗೆ ಬಂದರೆ ಸಾಕು.

‘ಖಾತೆ’ ಎಂಬ ಪದದ ಪಾಡೂ ಇದೇ. ಹಳ್ಳಿಯಲ್ಲಿ ‘ಖಾತೆ ಆಯ್ತೇ?’ ಎಂದರೆ ಜಮೀನು ಹೆಸರಿಗೆ ಬಂತೇ ಎಂದು. ಬೆಂಗಳೂರಿನಲ್ಲಿ ಅದೇ ಮಾತು ನಿವೇಶನದ ಆಸ್ತಿ ತೆರಿಗೆ ದಾಖಲೆಯನ್ನು ಸೂಚಿಸುತ್ತದೆ. ಬ್ಯಾಂಕಿನಲ್ಲಿ ಮೂರನೆಯ ಅರ್ಥ. ವಿವರಣೆಯಲ್ಲಿ ಬರೀ ‘ಖಾತೆ ವಿವರ ನೀಡುತ್ತದೆ’ ಎಂದು ಬರೆದರೆ ಮೂರೂ ಪ್ರಶ್ನೆಗಳು ಅದೇ ಬಾಗಿಲಿಗೆ ಬಂದು ನಿಲ್ಲುತ್ತವೆ.

ಪಹಣಿ ಸಾಧನ: ಕೆಟ್ಟ ವಿವರಣೆ, ಒಳ್ಳೆಯ ವಿವರಣೆ

ಪಹಣಿ ತೋರಿಸುವ ಒಂದು ಸಾಧನವಿದೆ ಎಂದು ಭಾವಿಸೋಣ. ತಂತ್ರಜ್ಞರು ಅವಸರದಲ್ಲಿ ಬರೆಯುವ ವಿವರಣೆ ಸಾಮಾನ್ಯವಾಗಿ ಹೀಗಿರುತ್ತದೆ: ‘ಆರ್‌ಟಿಸಿ ದತ್ತಾಂಶವನ್ನು ಪಡೆಯುತ್ತದೆ.’ ಬರೆದವರಿಗೆ ಇದು ಸಾಕೆನಿಸುತ್ತದೆ, ಏಕೆಂದರೆ ಉಳಿದದ್ದೆಲ್ಲ ಅವರಿಗೆ ಗೊತ್ತಿದೆ. ಏಜೆಂಟ್‌ನ ಕಡೆಯಿಂದ ನೋಡಿದರೆ ಈ ಸಾಲು ಏನನ್ನೂ ಹೇಳುವುದಿಲ್ಲ. ಯಾವ ಪ್ರಶ್ನೆಗೆ ಬಳಸಬೇಕು? ಯಾವುದಕ್ಕೆ ಬಳಸಬಾರದು? ಏನು ಕೊಟ್ಟರೆ ಏನು ಬರುತ್ತದೆ? ಬಂದದ್ದನ್ನು ಎಷ್ಟರಮಟ್ಟಿಗೆ ನಂಬಬಹುದು?

ಅದನ್ನೇ ಹೀಗೆ ಬರೆಯಬಹುದು:

‘ಕೃಷಿ ಜಮೀನೊಂದರ ಪಹಣಿಯನ್ನು ತೋರಿಸುತ್ತದೆ. ಜನರು ಇದನ್ನು ಆರ್‌ಟಿಸಿ, ಉತಾರ ಎಂದೂ ಕರೆಯುತ್ತಾರೆ. ಮಾಲೀಕರ ಹೆಸರು, ವಿಸ್ತೀರ್ಣ, ಬೆಳೆ, ಹಾಗೂ ಹನ್ನೊಂದನೆಯ ಕಲಮಿನಲ್ಲಿ ನಮೂದಾಗಿರುವ ಋಣ ಮತ್ತಿತರ ಹಕ್ಕುಗಳು ಬೇಕಾದಾಗ ಬಳಸಿ. ಕ್ರಯಪತ್ರದ ಪ್ರತಿ ಅಥವಾ ಋಣಭಾರ ಪ್ರಮಾಣಪತ್ರ ಬೇಕಾದರೆ ಇದನ್ನು ಬಳಸಬೇಡಿ. ಅದಕ್ಕೆ ನೋಂದಾಯಿತ ದಸ್ತಾವೇಜು ಹುಡುಕುವ ಸಾಧನವಿದೆ. ಗ್ರಾಮಠಾಣದ ಮನೆ, ನಿವೇಶನಗಳಿಗೆ ಪಹಣಿ ಇರುವುದಿಲ್ಲ. ಅವುಗಳಿಗೆ ಇ-ಸ್ವತ್ತು ದಾಖಲೆ ನೋಡಿ. ಪಹಣಿಯ ನಮೂದು ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದು ಕಾನೂನು ಭಾವಿಸುತ್ತದೆ. ಆದರೆ ಅದು ಮಾಲೀಕತ್ವದ ಅಂತಿಮ ತೀರ್ಪಲ್ಲ, ಹಾಗೆಂದು ಕೇಳುವವರಿಗೆ ಹೇಳಬೇಡಿ. ಈ ಸಾಧನ ದಾಖಲೆಯನ್ನು ಓದುತ್ತದೆ ಮಾತ್ರ, ಏನನ್ನೂ ಬದಲಿಸುವುದಿಲ್ಲ.’

ಇದರಲ್ಲಿ ಅತ್ಯಂತ ಬೆಲೆಬಾಳುವ ಭಾಗ ‘ಬಳಸಬೇಡಿ’ ಎಂಬ ವಾಕ್ಯಗಳು. ಅನುಭವಸ್ಥ ಗುಮಾಸ್ತನ ಜಾಣ್ಮೆ ಇರುವುದೂ ಅಲ್ಲಿಯೇ: ‘ಇದು ಇಲ್ಲಿಯ ಕೆಲಸವಲ್ಲ, ಪಕ್ಕದ ಕಚೇರಿಗೆ ಹೋಗಿ’ ಎಂದು ಸಕಾಲದಲ್ಲಿ ಹೇಳುವುದು. ಎರಡು ಸಾಧನಗಳ ಕಾರ್ಯಕ್ಷೇತ್ರ ಪರಸ್ಪರ ತಾಗುವ ಕಡೆ ಈ ಗಡಿಕಲ್ಲು ನೆಡಲೇಬೇಕು. ‘ನಮ್ಮ ಜಮೀನಿನ ಮೇಲೆ ಸಾಲ ಇದೆಯೇ?’ ಎಂಬ ಸರಳ ಪ್ರಶ್ನೆಗೆ ಪಹಣಿಯ ಹನ್ನೊಂದನೆಯ ಕಲಂ ಒಂದು ಉತ್ತರ ಕೊಡುತ್ತದೆ, ಋಣಭಾರ ಪ್ರಮಾಣಪತ್ರ ಇನ್ನೊಂದು ಕೊಡುತ್ತದೆ. ಎರಡನ್ನೂ ನೋಡದೆ ‘ಸಾಲವಿಲ್ಲ’ ಎನ್ನುವ ಏಜೆಂಟ್‌ನ ಮಾತು ನಂಬಿ ಮುಂಗಡ ಕೊಟ್ಟವರ ಗತಿಯನ್ನು ಊಹಿಸಿಕೊಳ್ಳಬಹುದು. ಎರಡೂ ಸಾಧನಗಳ ವಿವರಣೆಗಳಲ್ಲಿ ಇನ್ನೊಂದರ ಹೆಸರು ಬಂದಿದ್ದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ಭರ್ತಿಯ ಅಂಕಣಗಳು

ಪಹಣಿ ನೋಡಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್‌ನೋಕ್, ಹಿಸ್ಸಾ, ವರ್ಷ ಇಷ್ಟನ್ನೂ ಕೊಡಬೇಕು. ಇವುಗಳಲ್ಲಿ ‘ಸರ್‌ನೋಕ್’ ಏನೆಂಬುದು ಪಹಣಿ ತೆಗೆಸುವವರಲ್ಲಿ ಅನೇಕರಿಗೂ ತಿಳಿಯದು. ಸಾಮಾನ್ಯವಾಗಿ ಅಲ್ಲಿ ಒಂದು ನಕ್ಷತ್ರ ಚಿಹ್ನೆಯನ್ನು ಆರಿಸಿ ಎಲ್ಲರೂ ಮುಂದೆ ಸಾಗುತ್ತಾರೆ. ಏಜೆಂಟ್‌ಗೆ ಅಂಕಣದ ಹೆಸರನ್ನಷ್ಟೇ ಕೊಟ್ಟರೆ ಅದು ಏನನ್ನೋ ತುಂಬಿಸುತ್ತದೆ, ಖಾಲಿ ಬಿಡುವುದು ಅದರ ಸ್ವಭಾವವಲ್ಲ. ‘ಬೇರೆ ಚಿಹ್ನೆ ಇದೆಯೆಂದು ಬಳಕೆದಾರರು ಹೇಳದಿದ್ದರೆ ನಕ್ಷತ್ರ ಚಿಹ್ನೆ ಹಾಕಿ’ ಎಂಬ ಒಂದು ವಾಕ್ಯ ಇಲ್ಲಿ ಸಾಕು.

ಹೋಬಳಿಯ ಅಂಕಣ ಇನ್ನೂ ತಮಾಷೆಯದು. ನಾಲ್ಕೂ ತಾಲ್ಲೂಕುಗಳಲ್ಲಿ ‘ಕಸಬಾ’ ಎಂಬ ಹೋಬಳಿ ಇದೆ. ‘ಕಸಬಾ ಹೋಬಳಿ, ಹೊಸಹಳ್ಳಿ’ ಎಂದರೆ ತಾಲ್ಲೂಕು ತಿಳಿಯದೆ ಒಂದು ಹೆಜ್ಜೆಯೂ ಮುಂದಿಡಲಾಗದು. ಕೆ.ಆರ್.ಪೇಟೆಯ ಕಿಕ್ಕೇರಿ, ಬೂಕನಕೆರೆ, ನಾಗಮಂಗಲದ ಬಿಂಡಿಗನವಿಲೆ, ಹೊಣಕೆರೆ, ಪಾಂಡವಪುರದ ಚಿನಕುರಳಿ, ಮೇಲುಕೋಟೆ ಮುಂತಾದ ಹೋಬಳಿಗಳಿಗೆ ಈ ತೊಂದರೆ ಇಲ್ಲ.

ಊರಿನ ಹೆಸರುಗಳಿಗೆ ಹಲವು ರೂಪಗಳಿರುವುದೂ ಗಮನಾರ್ಹ. ಶ್ರೀರಂಗಪಟ್ಟಣ ಆಂಗ್ಲರ ಕಾಗದಪತ್ರಗಳಲ್ಲಿ ಸೆರಿಂಗಪಟಂ. ಪಾಂಡವಪುರ ಹಿಂದೆ ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎಂದೂ ಹೆಸರಾಗಿತ್ತು. ಕೆ.ಆರ್.ಪೇಟೆ ಹಿಂದಿನ ಅತ್ತಿಗುಪ್ಪೆ. ಹಳೆಯ ಪತ್ರಗಳನ್ನು ಹಿಡಿದು ಬರುವವರು ಈ ಹೆಸರುಗಳನ್ನೇ ಹೇಳುತ್ತಾರೆ. ಕೃಷ್ಣರಾಜ ಒಡೆಯರ ಹೆಸರು ನಾಡಿನ ತುಂಬ ಇರುವುದರಿಂದ ಇನ್ನೊಂದು ಗೊಂದಲವೂ ಉಂಟು: ಕೆ.ಆರ್.ಪೇಟೆ ಮಂಡ್ಯ ಜಿಲ್ಲೆಯದು, ಕೆ.ಆರ್.ನಗರ ಮೈಸೂರು ಜಿಲ್ಲೆಯದು, ಕೆ.ಆರ್.ಪುರ ಬೆಂಗಳೂರಿನದು, ಕೆ.ಆರ್.ಎಸ್. ಅಣೆಕಟ್ಟೆ. ಬಳಕೆದಾರರು ಬರೀ ‘ಕೆ.ಆರ್.’ ಎಂದು ನಿಲ್ಲಿಸಿದರೆ ಊಹಿಸದೆ ಮರಳಿ ಕೇಳಬೇಕು ಎಂದು ವಿವರಣೆಯಲ್ಲಿಯೇ ಹೇಳಿರಬೇಕು.

ಇದಕ್ಕೆ ಸುಲಭ ಪರಿಹಾರವೂ ಇದೆ. ಜಾಲತಾಣದ ಪ್ರತಿ ಪರದೆಗೂ ಒಂದೊಂದು ಸಾಧನ ಮಾಡಿ, ಜಿಲ್ಲೆಗಳ ಪಟ್ಟಿಗೆ ಒಂದು, ತಾಲ್ಲೂಕುಗಳ ಪಟ್ಟಿಗೆ ಒಂದು, ಹೋಬಳಿಗೆ ಇನ್ನೊಂದು ಎಂದು ಏಜೆಂಟ್‌ನ ಕೈಗೆ ಕೊಡುವುದು ಅನೇಕರ ರೂಢಿ. ಅದರ ಬದಲು ಊರಿನ ಹೆಸರು ಕೊಟ್ಟರೆ ಆ ಹೆಸರಿನ ಎಲ್ಲ ಗ್ರಾಮಗಳನ್ನೂ ಜಿಲ್ಲೆ, ತಾಲ್ಲೂಕು, ಹೋಬಳಿ ಸಮೇತ ಪಟ್ಟಿಮಾಡುವ ಒಂದೇ ಸಾಧನ ಹೆಚ್ಚು ಉಪಯುಕ್ತ. ಹಳ್ಳಿಯ ಹೆಸರಷ್ಟೇ ಗೊತ್ತಿರುವವರಿಗೆ ನಾಡಕಚೇರಿಯಲ್ಲಿ ಸಿಗುವ ನೆರವೂ ಇದೇ ಬಗೆಯದಲ್ಲವೇ?

ಸರ್ವೆ ನಂಬರಿನ ಬರವಣಿಗೆಗೂ ಎರಡು ಮಾತು ಬೇಕು. ‘45/2’ ಎಂದರೆ ಸರ್ವೆ ನಂಬರ್ 45, ಹಿಸ್ಸಾ 2. ಭಾಗಾಕಾರವೂ ಅಲ್ಲ, ದಿನಾಂಕವೂ ಅಲ್ಲ. ಕೆಲವರು ಇದನ್ನೇ ಕನ್ನಡ ಅಂಕಿಗಳಲ್ಲಿ ‘೪೫/೨’ ಎಂದು ಬರೆಯುತ್ತಾರೆ. ಎರಡನ್ನೂ ಹೇಗೆ ಬಿಡಿಸಿ ಯಾವ ಅಂಕಣಕ್ಕೆ ಹಾಕಬೇಕೆಂಬುದನ್ನು ಉದಾಹರಣೆ ಸಮೇತ ಕೊಡುವುದು ಒಳಿತು. ಅಂಕಣದ ವಿವರಣೆಯಲ್ಲಿ ಒಂದು ಉದಾಹರಣೆ ಮಾಡುವ ಕೆಲಸವನ್ನು ಮೂರು ವಾಕ್ಯಗಳ ನಿಯಮ ಮಾಡಲಾರದು.

ಚುಕ್ಕಿಯ ನಂತರದ ಗುಂಟೆ

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ವಿಸ್ತೀರ್ಣದ ವಿಷಯದಲ್ಲಿ. ಪಹಣಿಯಲ್ಲಿ ‘2.20’ ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಇದು ಎರಡೂವರೆ ಎಕರೆ, ಅಂದರೆ 100 ಗುಂಟೆ. ಆದರೆ ಗಣಕಯಂತ್ರಕ್ಕೆ 2.20 ಎಂದರೆ ದಶಮಾಂಶ ಸಂಖ್ಯೆ, ಎರಡು ಎಕರೆ ಮತ್ತು ಹತ್ತರಲ್ಲಿ ಎರಡು ಭಾಗ, ಗುಂಟೆಯಲ್ಲಿ 88. ಹನ್ನೆರಡು ಗುಂಟೆ ಗಾಳಿಯಲ್ಲಿ ಹೋಯಿತು. ಒಂದು ಗುಂಟೆಗೆ 1,089 ಚದರ ಅಡಿಯಂತೆ ಇದು 13,068 ಚದರ ಅಡಿ. ಶ್ರೀರಂಗಪಟ್ಟಣದ ಹೆದ್ದಾರಿ ಬದಿಯ ಜಮೀನಾಗಿದ್ದರೆ ಈ ವ್ಯತ್ಯಾಸಕ್ಕಾಗಿ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲು ಹತ್ತಿಯಾರು.

ಕೂಡಿಸುವಾಗ ಇನ್ನೂ ವಿಚಿತ್ರವಾಗುತ್ತದೆ. ‘1.30’ ಮತ್ತು ‘1.30’ ಎರಡು ತುಂಡುಗಳನ್ನು ಕೂಡಿಸಿದರೆ ಸರಿಯಾದ ಮೊತ್ತ ಮೂರು ಎಕರೆ ಇಪ್ಪತ್ತು ಗುಂಟೆ. ದಶಮಾಂಶದ ಲೆಕ್ಕ ಹಿಡಿದ ಏಜೆಂಟ್ ‘2.60’ ಎನ್ನುತ್ತದೆ. ಚುಕ್ಕಿಯ ನಂತರ 39ಕ್ಕಿಂತ ದೊಡ್ಡ ಸಂಖ್ಯೆ ಬರುವಂತಿಲ್ಲ ಎಂಬುದು ಹಳ್ಳಿಯ ಯಾರಿಗಾದರೂ ಗೊತ್ತು.

‘ವಿಸ್ತೀರ್ಣ: ಸಂಖ್ಯೆ’ ಎಂದು ಬರೆದ ಫಲಿತಾಂಶದ ವಿವರಣೆಯಿಂದ ಹುಟ್ಟುವ ತಪ್ಪು ಇದು. ‘ಚುಕ್ಕಿಯ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ, ಇದು ದಶಮಾಂಶವಲ್ಲ’ ಎಂದು ಬರೆಯುವುದು ಒಂದು ದಾರಿ. ಅದಕ್ಕಿಂತ ಉತ್ತಮ ದಾರಿ ಸಾಧನವೇ ಎಕರೆ ಮತ್ತು ಗುಂಟೆಯನ್ನು ಬೇರೆ ಬೇರೆ ಅಂಕಣಗಳಲ್ಲಿ ಹಿಂದಿರುಗಿಸುವಂತೆ ಮಾಡುವುದು. ತಪ್ಪು ಓದಲು ಅವಕಾಶವೇ ಇಲ್ಲದಂತೆ ಕೊಟ್ಟರೆ ಎಚ್ಚರಿಕೆಯ ವಾಕ್ಯ ಬರೆಯುವ ಪ್ರಮೇಯ ಬರುವುದಿಲ್ಲ. ವಿವರಣೆ ಬರೆಯಲು ಕುಳಿತಾಗ ಯಾವುದಾದರೂ ಒಂದು ಅಂಶವನ್ನು ವಿವರಿಸಲು ಪದೇ ಪದೇ ವಾಕ್ಯ ಸೇರಿಸಬೇಕಾಗಿ ಬಂದರೆ, ದೋಷ ಬರವಣಿಗೆಯಲ್ಲಿ ಅಲ್ಲ, ಸಾಧನದಲ್ಲಿಯೇ ಇದೆ ಎಂದು ಅನುಮಾನಿಸುವುದು ಯೋಗ್ಯ.

ಎರಡು ಅಣೆಕಟ್ಟೆ, ಎರಡು ಸೊನ್ನೆ

ಈ ಭಾಗದ ಇನ್ನೊಂದು ನಿತ್ಯದ ಪ್ರಶ್ನೆ ನೀರಿನದು. ಶ್ರೀರಂಗಪಟ್ಟಣ ತಾಲ್ಲೂಕಿನ ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ ಹರಿದು ಕೆ.ಆರ್.ಎಸ್. ಹಿನ್ನೀರು ಸೇರುವ ಹೇಮಾವತಿಗೆ ಹಾಸನ ಜಿಲ್ಲೆಯ ಗೊರೂರಿನಲ್ಲಿ ಕಟ್ಟಿದ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ಎರಡೂ ಅಡಿಯೇ. ಆದರೆ ಮೊದಲನೆಯದು ಅಣೆಕಟ್ಟೆಯದೇ ಅಳತೆಪಟ್ಟಿಯ ಮಟ್ಟ, ಎರಡನೆಯದು ಸಮುದ್ರಮಟ್ಟದಿಂದ ಅಳೆದದ್ದು. ದಿನಪತ್ರಿಕೆಗಳ ‘ಜಲಾಶಯಗಳ ಮಟ್ಟ’ ಪಟ್ಟಿಯನ್ನು ವರ್ಷಗಟ್ಟಲೆ ಓದಿದವರು ಇದನ್ನು ಗಮನಿಸದೆಯೇ ಅರ್ಥಮಾಡಿಕೊಳ್ಳುತ್ತಾರೆ. ‘ಜಲಾಶಯದ ಮಟ್ಟವನ್ನು ಅಡಿಗಳಲ್ಲಿ ನೀಡುತ್ತದೆ’ ಎಂಬ ವಿವರಣೆ ಓದಿದ ಏಜೆಂಟ್ ಎರಡನ್ನೂ ಹೋಲಿಸಿ, ಗೊರೂರಿನಲ್ಲಿ ಕನ್ನಂಬಾಡಿಗಿಂತ ಇಪ್ಪತ್ತು ಪಟ್ಟು ಹೆಚ್ಚು ನೀರಿದೆ ಎಂದರೆ ದೂರುವುದು ಯಾರನ್ನು? ಸಂಗ್ರಹ ಸಾಮರ್ಥ್ಯದಲ್ಲಿ ಕೆ.ಆರ್.ಎಸ್. ಸುಮಾರು 49.45 ಟಿಎಂಸಿ, ಹೇಮಾವತಿ ಸುಮಾರು 37.10 ಟಿಎಂಸಿ. ಹೋಲಿಕೆಗೆ ಬಳಸಬೇಕಾದದ್ದು ಸಂಗ್ರಹವನ್ನು, ಮಟ್ಟವನ್ನಲ್ಲ ಎಂದು ವಿವರಣೆ ಸ್ಪಷ್ಟವಾಗಿ ಹೇಳಬೇಕು.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಪಾಂಡವಪುರದ ರೈತ ‘ಕಟ್ಟೆಯಲ್ಲಿ ನೀರೆಷ್ಟಿದೆ?’ ಎಂದು ಕೇಳುವುದು ಅಂಕಿಯ ಮೇಲಿನ ಪ್ರೀತಿಯಿಂದಲ್ಲ. ನಾಲೆಗೆ ನೀರು ಬಿಡುತ್ತಾರೆಯೇ, ಬೇಸಿಗೆ ಬೆಳೆಗೆ ಒಟ್ಲು ಹಾಕಬಹುದೇ ಎಂಬುದು ಅವನ ನಿಜವಾದ ಪ್ರಶ್ನೆ. ವಿಶ್ವೇಶ್ವರಯ್ಯ ನಾಲೆಗೆ (ಹಿಂದೆ ಇದು ಇರ್ವಿನ್ ನಾಲೆ) ನೀರು ಹರಿಸುವುದು ಮಟ್ಟವೊಂದನ್ನೇ ನೋಡಿ ಆಗುವ ತೀರ್ಮಾನವಲ್ಲ. ನೀರಾವರಿ ಸಲಹಾ ಸಮಿತಿಯ ಸಭೆಯಿದೆ, ತಮಿಳುನಾಡಿಗೆ ಬಿಡಬೇಕಾದ ನೀರಿದೆ, 2018ರಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವಿದೆ. ಮಟ್ಟ ತಿಳಿಸುವ ಸಾಧನದ ವಿವರಣೆಯಲ್ಲಿ ‘ಈ ಅಂಕಿಯಿಂದ ನಾಲೆಗೆ ನೀರು ಬಿಡುವ ದಿನವನ್ನು ಊಹಿಸಬೇಡಿ, ಅದಕ್ಕೆ ಅಧಿಕೃತ ಪ್ರಕಟಣೆಯನ್ನು ನೋಡುವಂತೆ ತಿಳಿಸಿ’ ಎಂಬ ಸಾಲು ಇಲ್ಲದಿದ್ದರೆ ಏಜೆಂಟ್ ತನ್ನ ತರ್ಕದಿಂದಲೇ ಭರವಸೆ ಕೊಟ್ಟುಬಿಡುವ ಸಂಭವ ಹೆಚ್ಚು. ಒಟ್ಲು ಒಣಗಿದ ಮೇಲೆ ತರ್ಕದಿಂದ ಪ್ರಯೋಜನವಿಲ್ಲ. ಅಂಕಿ ಯಾವ ದಿನದ್ದು, ಯಾವ ಹೊತ್ತಿನದು ಎಂಬುದನ್ನೂ ಸಾಧನ ಹಿಂದಿರುಗಿಸಬೇಕು.

ದೋಷದ ಸಂದೇಶಗಳು

ಸಾಧನ ವಿಫಲವಾದಾಗ ಕೊಡುವ ಸಂದೇಶವೂ ವಿವರಣೆಯ ಮುಂದುವರಿದ ಭಾಗವೇ. ‘ದೋಷ 400’ ಎಂದರೆ ಏಜೆಂಟ್ ಅದೇ ತಪ್ಪನ್ನು ಮತ್ತೆ ಮಾಡುತ್ತದೆ, ಇಲ್ಲವೇ ಕೈಚೆಲ್ಲುತ್ತದೆ. ‘ಈ ಸರ್ವೆ ನಂಬರಿನಲ್ಲಿ ಒಂದಕ್ಕಿಂತ ಹೆಚ್ಚು ಹಿಸ್ಸಾಗಳಿವೆ, ಬಳಕೆದಾರರನ್ನು ಕೇಳಿ ಹಿಸ್ಸಾ ಸಂಖ್ಯೆ ಕೊಡಿ’ ಎಂದರೆ ಮುಂದಿನ ಹೆಜ್ಜೆ ತಿಳಿಯುತ್ತದೆ. ದಾಖಲೆ ಇಲ್ಲದಿರುವುದು ಬೇರೆ, ಸರ್ವರ್ ಓಡದಿರುವುದು ಬೇರೆ. ಎರಡಕ್ಕೂ ಖಾಲಿ ಉತ್ತರ ಬಂದರೆ ಏಜೆಂಟ್ ‘ನಿಮ್ಮ ಹೆಸರಿನಲ್ಲಿ ಜಮೀನಿಲ್ಲ’ ಎಂದು ಹೇಳಿ ವಯಸ್ಸಾದವರ ಎದೆ ಒಡೆಸುತ್ತದೆ.

ಓದುವುದು ಮತ್ತು ಬರೆಯುವುದು

ಪಹಣಿ ನೋಡುವುದಕ್ಕೂ ಖಾತೆ ಬದಲಾವಣೆಗೆ ಅರ್ಜಿ ಹಾಕುವುದಕ್ಕೂ ಇರುವ ಅಂತರವನ್ನು ಮನುಷ್ಯರಿಗೆ ಹೇಳಬೇಕಿಲ್ಲ. ಏಜೆಂಟ್‌ಗೆ ಎರಡೂ ಒಂದೊಂದು ಕರೆ ಮಾತ್ರ. ಎಂಸಿಪಿ ಮಾನದಂಡದಲ್ಲಿ ಒಂದು ಸಾಧನ ಕೇವಲ ಓದುತ್ತದೆಯೇ, ಏನನ್ನಾದರೂ ಅಳಿಸುವ ಅಥವಾ ಬದಲಿಸುವ ಸಾಧ್ಯತೆ ಇದೆಯೇ ಎಂದು ಸೂಚಿಸುವ ಗುರುತುಗಳಿಗೆ 2025ರಲ್ಲಿ ಅವಕಾಶ ಕಲ್ಪಿಸಲಾಯಿತು. ಆದರೆ ಈ ಗುರುತುಗಳು ಸೂಚನೆಗಳಷ್ಟೇ. ಸಾಧನ ಬರೆದವರು ಸುಳ್ಳು ಹೇಳುವುದನ್ನು ಅವು ತಡೆಯಲಾರವು. ಶುಲ್ಕ ಕಡಿತವಾಗುವ, ಹಿಂದಕ್ಕೆ ಪಡೆಯಲಾಗದ, ಆಕ್ಷೇಪಣೆಯ ಅವಧಿ ಆರಂಭವಾಗುವ ಯಾವುದೇ ಕ್ರಿಯೆಗೆ ಮುನ್ನ ಬಳಕೆದಾರರಿಗೆ ವಿವರಗಳನ್ನು ಓದಿ ಹೇಳಿ ಒಪ್ಪಿಗೆ ಪಡೆಯಬೇಕೆಂಬ ಸೂಚನೆ ವಿವರಣೆಯಲ್ಲಿಯೂ ಇರಬೇಕು, ತಂತ್ರಾಂಶದ ಒಳಗೆ ತಡೆಯೂ ಇರಬೇಕು. ಬರವಣಿಗೆಯೊಂದನ್ನೇ ಬೀಗವೆಂದು ನಂಬುವುದು ಸಲ್ಲದು.

ವಿವರಣೆಯೇ ವಿಷವಾಗುವ ಸಾಧ್ಯತೆಯೂ ಇದೆ. 2025ರ ಏಪ್ರಿಲ್‌ನಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ ಇದನ್ನು ಪ್ರಾತ್ಯಕ್ಷಿಕೆಯ ಮೂಲಕ ತೋರಿಸಿತು. ಸಾಧಾರಣ ಸಾಧನವೊಂದರ ವಿವರಣೆಯೊಳಗೆ ಬಳಕೆದಾರರ ಕಣ್ಣಿಗೆ ಬೀಳದಂತೆ ‘ಈ ಕಡತವನ್ನೂ ಓದಿ ಕಳುಹಿಸು’ ಎಂಬಂಥ ಆಜ್ಞೆಯನ್ನು ಅಡಗಿಸಿಟ್ಟರೆ ಏಜೆಂಟ್ ಅದನ್ನೂ ಪಾಲಿಸಿಬಿಡಬಹುದು. ಆದಕಾರಣ ಅಪರಿಚಿತರು ಸಿದ್ಧಪಡಿಸಿದ ಸಾಧನವನ್ನು ಜೋಡಿಸುವ ಮುನ್ನ ಅದರ ವಿವರಣೆಯನ್ನು ಮೊದಲಿನಿಂದ ಕೊನೆಯವರೆಗೆ ಮನುಷ್ಯರೊಬ್ಬರು ಓದಲೇಬೇಕು. ಸಹಿ ಹಾಕುವ ಮುನ್ನ ಛಾಪಾ ಕಾಗದ ಓದಿಸಿ ಕೇಳುವ ಹಳೆಯ ಅಭ್ಯಾಸ ಇಲ್ಲಿಗೂ ಅನ್ವಯಿಸುತ್ತದೆ.

ಯಾವ ಭಾಷೆಯಲ್ಲಿ?

ವಿವರಣೆಯನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕೆಂಬ ನಿಯಮವಿಲ್ಲ. ಇಂದಿನ ದೊಡ್ಡ ಮಾದರಿಗಳು ಕನ್ನಡವನ್ನು ಓದಬಲ್ಲವು. ಆದರೆ ಅದೇ ವಿಷಯಕ್ಕೆ ಕನ್ನಡ ಬರಹ ಸಾಮಾನ್ಯವಾಗಿ ಹೆಚ್ಚು ‘ಟೋಕನ್’ ತಿನ್ನುತ್ತದೆ, ಅಂದರೆ ಖರ್ಚು ಹೆಚ್ಚು. ಹೀಗಾಗಿ ಇಂಗ್ಲಿಷಿನಲ್ಲಿ ಬರೆದು ಜನ ಬಳಸುವ ಕನ್ನಡ ಪದಗಳನ್ನು ಅದರೊಳಗೆ ಸೇರಿಸುವುದು ಪ್ರಾಯೋಗಿಕ ಮಾರ್ಗ. ಪಹಣಿ, ಪೋಡಿ, ಖರಾಬು, ಹಿಸ್ಸಾ, ಪೌತಿ ಖಾತೆ ಇವನ್ನು ಇಂಗ್ಲಿಷಿಗೆ ತಿರುಗಿಸಿ ಕನ್ನಡ ಪದವನ್ನು ಕೈಬಿಟ್ಟರೆ ರೈತನ ಪ್ರಶ್ನೆಗೂ ಸಾಧನಕ್ಕೂ ನಂಟು ತಪ್ಪುತ್ತದೆ. ‘ಅಪ್ಪ ತೀರಿಕೊಂಡರು, ಜಮೀನು ನಮ್ಮ ಹೆಸರಿಗೆ ಆಗಬೇಕು’ ಎಂದು ಕೇಳುವವರಿಗೆ ‘ಪೌತಿ’ ಎಂಬ ಪದವೂ ಗೊತ್ತಿಲ್ಲದಿರಬಹುದು. ಆ ವಾಕ್ಯವನ್ನೇ ಉದಾಹರಣೆಯಾಗಿ ವಿವರಣೆಯಲ್ಲಿ ಸೇರಿಸಿದರೂ ತಪ್ಪಿಲ್ಲ.

ಪರೀಕ್ಷೆ

ಬರೆದ ವಿವರಣೆ ಸರಿಯಿದೆಯೇ ಎಂದು ಬರೆದವರೇ ಹೇಳಲಾರರು. ಅದನ್ನು ಪ್ರಶ್ನೆಗಳಿಂದ ಪರೀಕ್ಷಿಸಬೇಕು. ನಾಲ್ಕೂ ತಾಲ್ಲೂಕು ಕಚೇರಿಗಳ ಮುಂದೆ ಜನ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಮೂವತ್ತು ನಲವತ್ತು ಸಂಗ್ರಹಿಸಿ, ಪ್ರತಿಯೊಂದಕ್ಕೂ ಯಾವ ಸಾಧನ ಬಳಕೆಯಾಗಬೇಕು, ಸರಿಯಾದ ಉತ್ತರವೇನು ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ಬಳಿಕ ಏಜೆಂಟ್‌ಗೆ ಕೇಳಿ, ಅದು ಯಾವ ಸಾಧನವನ್ನು ಆರಿಸಿತು, ಅಂಕಣಗಳಲ್ಲಿ ಏನು ತುಂಬಿತು ಎಂಬ ದಾಖಲೆಯನ್ನು ಸಾಲು ಸಾಲಾಗಿ ಓದಬೇಕು. ಅಂತಿಮ ಉತ್ತರ ಸರಿಯಾಗಿದ್ದರೂ ದಾರಿ ತಪ್ಪಾಗಿರುವುದುಂಟು. ಆಂಥ್ರೊಪಿಕ್ ಸಂಸ್ಥೆಯ ತಂತ್ರಜ್ಞರು 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಬರಹವೊಂದರಲ್ಲಿ ಇಂಥ ಪರೀಕ್ಷೆಗೂ, ವಿವರಣೆಯ ಸಣ್ಣ ತಿದ್ದುಪಡಿಗಳಿಂದ ಸಿಗುವ ದೊಡ್ಡ ಸುಧಾರಣೆಗೂ ಒತ್ತು ಕೊಟ್ಟಿದ್ದಾರೆ. ಒಂದಷ್ಟು ಪ್ರಶ್ನೆಗಳನ್ನು ತಿದ್ದುಪಡಿಯ ಹಂತದಲ್ಲಿ ಬಳಸದೆ ಕೊನೆಯ ಪರೀಕ್ಷೆಗೆ ಎತ್ತಿಡುವುದು ಒಳ್ಳೆಯದು. ಇಲ್ಲವಾದರೆ ಆ ಪ್ರಶ್ನೆಗಳಿಗಷ್ಟೇ ಹೊಂದುವ ವಿವರಣೆ ಸಿದ್ಧವಾಗುತ್ತದೆ.

ಈ ಪ್ರಶ್ನಾವಳಿಯನ್ನು ಸಿದ್ಧಪಡಿಸಲು ತಂತ್ರಾಂಶ ತಜ್ಞರಿಗಿಂತ ಗ್ರಾಮ ಆಡಳಿತ ಅಧಿಕಾರಿಗಳು, ಭೂಮಾಪಕರು ಮತ್ತು ಅರ್ಜಿ ಬರೆಯುವವರು ಹೆಚ್ಚು ಅರ್ಹರು. ಯಾವ ಪ್ರಶ್ನೆಯ ಹಿಂದೆ ಯಾವ ಪ್ರಶ್ನೆ ಅಡಗಿದೆ ಎಂಬುದು ಅವರಿಗೆ ಗೊತ್ತು. ತಹಸೀಲ್ದಾರರ ಆದೇಶದ ಪ್ರತಿ ಹಿಡಿದು ‘ಇದಕ್ಕೆ ಮುಂದೇನು?’ ಎಂದು ಕೇಳುವ ನಾಗಮಂಗಲದವರ ಪ್ರಶ್ನೆ ಆ ಪಟ್ಟಿಯ ಮೊದಲ ಹತ್ತರಲ್ಲಿಯೇ ಇರಬೇಕು. ಏಜೆಂಟ್ ಅದಕ್ಕೆ ಪಾಂಡವಪುರದ ಹೆಸರು ಹೇಳುವ ಮೊದಲು ಆದೇಶ ಕೈಸೇರಿದ ದಿನಾಂಕವನ್ನು ಕೇಳುತ್ತದೆಯೇ ಎಂಬುದನ್ನೂ ನೋಡಬೇಕು.